ಮೀನಿಗೆ ನಾನೂರು

ದಸರೆಯ ರಜೆಯಲ್ಲಿ ಒಂದು ದಿನ ನಮ್ಮ ಮನೆಯಲ್ಲಿ ಬಿಳಿ ಬಟ್ಟೆಗೆ ಬಹಿಷ್ಕಾರ. ಇಸ್ಕೂಲಿನ ಬಿಳಿ ಅಂಗಿ, ಅಪ್ಪನ ಪಂಚೆ, ದೊಡ್ಡವ್ವನ ಕೆನೆಬಣ್ಣದ ರವಿಕೆ, ಕೊನೆಗೆ ಹೆಣ್ಣುಮಕ್ಕಳ ಜಡೆಯ ಬಿಳಿ ಟೇಪು ಕೂಡ ಅವತ್ತು ಪೆಟ್ಟಿಗೆಯಿಂದ ಈಚೆಗೆ ಬರುವ ಹಾಗಿರಲಿಲ್ಲ. ಹಿಂದಿನ ರಾತ್ರಿ ಉಂಡಾದ ಮೇಲೆ ಚಿಕ್ಕಪ್ಪ ನಡುಮನೆಯ ಲೈಟಿನ ಕೆಳಗೆ ನಿಂತು, ನಾವು ಸಾಲಾಗಿ ಎತ್ತಿ ಹಿಡಿದ ಬಟ್ಟೆಗಳನ್ನು ಒಂದೊಂದಾಗಿ ನೋಡಿ, 'ಇದು ಗಾಜಲ್ಲಿ ಹೊಳೀತದೆ, ಒಳಗಿಡು', 'ಇದಾಗ್ತದೆ', 'ಏ, ಈ ಗುಂಡಿ ಯಾಕಿಂಗೆ ಮಿಣಮಿಣ ಅಂತದೆ, ಮುಚ್ಕೊ' ಎಂದು ಪಾಸು ಫೇಲು ಮಾಡುತ್ತಿದ್ದರು. ಪಾಸಾಗಿ ಉಳಿಯುತ್ತಿದ್ದದ್ದು ಅಣ್ಣಂದಿರ ಕರೀ ಚಡ್ಡಿ, ಹೋದ ಗೌರಿಹಬ್ಬಕ್ಕೆ ಹೊಲಿಸಿದ ನೇರಳೆ ಲಂಗ, ಮೊಣಕೈ ಸವೆದ ನೀಲಿ ಸ್ವೆಟರು, ಇಂಥವೇ. ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಹಿಂಡನ್ನು ಮೇಲಿಂದ ಕೆಳಗೆ ನೋಡಿದ ಒಬ್ಬ ಯಜಮಾನರು, 'ಏನ್ರಪ್ಪ, ಮಕ್ಕಳೆಲ್ಲ ಈಗಲೇ ಶಬರಿಮಲೆಗೆ ಹೊಂಟವ್ರಾ?' ಎಂದು ಕೇಳಿದ್ದು ನಮ್ಮ ಮನೆಯಲ್ಲಿ ಬಹಳ ಕಾಲ ನಡೆದ ಮಾತು. ನಾವು ಹೊರಟಿದ್ದು ಬೆಂಗಳೂರಿಗೆ, ಕಬ್ಬನ್ ಪಾರ್ಕಿನ ಮತ್ಸ್ಯಾಲಯಕ್ಕೆ, ಮೀನಿನ ಫೋಟೋ ತೆಗೆಯಲು.

ಚಿಕ್ಕಪ್ಪನದು ತುಮಕೂರಿನಲ್ಲಿ ಬಿ.ಎಚ್. ರಸ್ತೆಗೆ ಸೇರುವ ಗಲ್ಲಿಯೊಂದರಲ್ಲಿ ಒಂದೂವರೆ ಕೋಣೆಯ ಸ್ಟುಡಿಯೋ. ಮುಂದಿನ ಅರ್ಧ ಕೋಣೆಯಲ್ಲಿ ಕನ್ನಡಿ, ಹಲ್ಲು ಮುರಿದ ಬಾಚಣಿಗೆ, ಎಲ್ಲರೂ ಮೆತ್ತಿಕೊಂಡು ಖಾಲಿಯಾದ ಪೌಡರು ಡಬ್ಬ. ಹಿಂದೆ ಸರೋವರವೂ ಹಂಸವೂ ಇರುವ ಪರದೆ. ಹುಡುಗಿ ತೋರಿಸಲು ಬೇಕಾದ ಫೋಟೋ, ಎಸ್ಸೆಸ್ಸೆಲ್ಸಿ ಅರ್ಜಿಯ ಫೋಟೋ, ತೀರಿಕೊಂಡವರ ಫೋಟೋ, ಹೊಟ್ಟೆಪಾಡು ಇವುಗಳಿಂದ. ಮೀನು ಮಾತ್ರ ಅವರ ಸ್ವಂತದ ಹುಚ್ಚು. ಮತ್ಸ್ಯಾಲಯ ಶುರುವಾದದ್ದು 1983ರಲ್ಲಿ. ಒಂದು ಸಲ ನೋಡಿಬಂದ ಮೇಲೆ ಅವರಿಗೆ ಬಿಸಿಲಿನಲ್ಲಿ ನಿಲ್ಲಿಸಿ ತೆಗೆಯುವ ಯಾವ ಫೋಟೋದ ಮೇಲೂ ಹಳೆಯ ಮೋಹ ಉಳಿಯಲಿಲ್ಲ ಎಂದು ದೊಡ್ಡವ್ವ ಹೇಳುತ್ತಿದ್ದರು. ಬಿಸಿಲಲ್ಲಿ ತೆಗೆಯೋದೇನು, ಯಾರು ಬೇಕಾದ್ರೂ ತೆಗೀತಾರೆ ಎನ್ನುವುದು ಚಿಕ್ಕಪ್ಪನ ವಾದ.

ಕೋಳಿ ಕೂಗುವ ಮುಂಚೆ ಎದ್ದು ಹಂಡೆಯೊಲೆಗೆ ತೆಂಗಿನಗರಿ ತುರುಕಿ, ಹೊಗೆಗೆ ಕಣ್ಣುಜ್ಜುತ್ತ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವ್ವ ಚಿತ್ರಾನ್ನ ಕಲಸಿ ಬಾಡಿಸಿದ ಬಾಳೆಲೆಯಲ್ಲಿ ಕಟ್ಟುತ್ತಿದ್ದಳು. ಆ ಎಲೆಯ ವಾಸನೆ, ಕ್ಯಾಮೆರಾ ಚೀಲದ ತೊಗಲಿನ ವಾಸನೆ, ಕಂಬಳಿಯ ಮಡಿಕೆಯಲ್ಲಿಟ್ಟ ನುಸಿಗುಳಿಗೆಯ ವಾಸನೆ, ಮೂರೂ ಸೇರಿ ಕೆಂಪು ಬಸ್ಸಿನ 70 ಕಿಲೋಮೀಟರು ಉದ್ದಕ್ಕೂ ನಮ್ಮ ತೊಡೆಯ ಮೇಲೆ ಕೂತಿರುತ್ತಿದ್ದವು. ಕಂಬಳಿ ಏಕೆಂದರೆ ಅದು ಕರೀ ಕಂಬಳಿ, ತಾತ ಹೊಲಕ್ಕೆ ಹೊದ್ದು ಹೋಗುತ್ತಿದ್ದದ್ದು. ಅದರ ಜೊತೆಗೆ ತಾತನದೇ ಮರದ ಹಿಡಿಯ ಕರೀ ಕೊಡೆ. ಮಳೆ ಇರಲಿ ಬಿಡಲಿ ಈ ಎರಡೂ ಇಲ್ಲದೆ ಚಿಕ್ಕಪ್ಪ ಮೀನಿನ ಹತ್ತಿರ ಹೋದವರಲ್ಲ.

ಕಸ್ತೂರಬಾ ರಸ್ತೆಯ ಬೆಳಕಿನಿಂದ ಒಳಕ್ಕೆ ಕಾಲಿಟ್ಟರೆ ಮೊದಲು ಏನೂ ಕಾಣುತ್ತಿರಲಿಲ್ಲ. ತಂಪು ಗಾರೆ, ಪಾಚಿ, ಒದ್ದೆ ಗೋಣಿಚೀಲ, ಎಲ್ಲವೂ ಕಲೆತ ಒಂದು ವಾಸನೆ. ಎಲ್ಲಿಂದಲೋ ಮೋಟಾರಿನ ಗುಯ್ಯೆನ್ನುವ ಸದ್ದು, ಅದರ ಮೇಲೆ ಗಾಳಿಗುಳ್ಳೆಗಳ ಗುಳುಗುಳು, ಅದರ ಮೇಲೆ ಯಾವುದೋ ಊರಿನ ಇಸ್ಕೂಲು ಮಕ್ಕಳ ಕಿರುಚಾಟ. ಕಣ್ಣು ಹೊಂದಿಕೊಂಡ ಹಾಗೆ ಗೋಡೆಯಲ್ಲಿ ಒಂದೊಂದೇ ಕಿಟಕಿ ಬೆಳಗುತ್ತಿತ್ತು, ಕಿಟಕಿಯೊಳಗೆ ಚಿನ್ನದ ಮೀನು, ಏಂಜಲ್ ಮೀನು, ಪಟ್ಟೆಪಟ್ಟೆಯ ಟೈಗರ್ ಬಾರ್ಬ್, ತುಟಿ ಮುಂದೆ ಮಾಡಿಕೊಂಡ ಗೌರಾಮಿ. ಬೆಳಕೆಲ್ಲ ತೊಟ್ಟಿಯ ಮೇಲಿನ ಟ್ಯೂಬ್‌ಲೈಟಿನದು, ಮೇಲ್ಗಡೆ ಈಜುವ ಮೀನಿನ ಬೆನ್ನಿಗೆ ಸಿಕ್ಕಷ್ಟು ಬೆಳಕು ತಳದ ಮೀನಿಗೆ ಸಿಗದು. ಅಜ್ಜಿಗೆ ಇದ್ಯಾವುದರ ಚಿಂತೆಯೂ ಇಲ್ಲ. ಅವಳು ಕಾಟ್ಲಾ ಮೀನಿನ ಮುಂದೆ ಕೈ ಹಿಂದೆ ಕಟ್ಟಿ ನಿಂತು, 'ಇದು ನಾಕು ಸೇರಾದ್ರೂ ತೂಗ್ತದೆ. ನಮ್ಮ ಕೆರೇಲಿ ಇದರಪ್ಪನಂತಾವು ಅವೆ' ಎಂದು ಪಕ್ಕದವರಿಗೂ ಕೇಳುವ ಹಾಗೆ ಹೇಳಿ, ಹುಣಸೆಹುಳಿ ಎಷ್ಟು ಬೇಕಾದೀತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು.

ಈಗ ರೀಲಿನ ಮಾತು. ಸ್ಟುಡಿಯೋದ ಗೋಡೆಬೀರುವಿನ ಮೇಲಿನ ಖಾನೆಯಲ್ಲಿ, ಲಕ್ಷ್ಮಿ ಪಟದ ಪಕ್ಕದಲ್ಲಿ, ರೀಲುಗಳ ಡಬ್ಬಿಗಳು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ನಮ್ಮ ನಿತ್ಯದ ಅನ್ನ. ಪೂರ್ವ ಜರ್ಮನಿಯ ವುಲ್ಫೆನ್ ಎಂಬ ಊರಿನಿಂದ ಬರುತ್ತಿದ್ದ ಆರ್ವೋ ಹಬ್ಬದ ಅಡಿಗೆ. ಆರ್ವೋದಲ್ಲಿ ಎರಡು ಬಗೆ ನಮಗೆ ಗೊತ್ತು: ಎನ್‌ಪಿ 22, ಅದು 125 ಎಎಸ್‌ಎ, ಎನ್‌ಪಿ 27, ಅದು 400. ನಂಬರು ದೊಡ್ಡದಾದಷ್ಟೂ ರೀಲಿಗೆ ಬೆಳಕಿನ ಹಸಿವು ಕಡಿಮೆ, ನೂರು ಉಣ್ಣುವುದರ ಕಾಲುಭಾಗದಲ್ಲಿ ನಾನೂರಿಗೆ ಹೊಟ್ಟೆ ತುಂಬುತ್ತದೆ ಎಂದು ಚಿಕ್ಕಪ್ಪ ನಮಗೆ ಹೇಳಿಕೊಟ್ಟದ್ದು ಮಗ್ಗಿಗಿಂತ ಮುಂಚೆ. ಮದುವೆಗೆ ನೂರು, ಮಕ್ಕಳ ನಾಮಕರಣಕ್ಕೆ ನೂರಿಪ್ಪತ್ತೈದು, ಮೀನಿಗೆ ನಾನೂರು. ಯಾರಾದರೂ ನೆಂಟರು ಬಂದು, 'ಏನ್ ಮರಿ, ನಿಮ್ಮ ಚಿಕ್ಕಪ್ಪ ಏನ್ ಹೇಳ್ಕೊಟ್ಟವ್ರೆ' ಎಂದರೆ ನಾವು ಒಂದೇ ಉಸಿರಿಗೆ ಇದನ್ನು ಒಪ್ಪಿಸುತ್ತಿದ್ದೆವು.

ಆದರೆ ನಾನೂರರ ರೀಲು ಬರೀ ಮೀನಿಗೆಂದು ಹಾಕುವಷ್ಟು ದುಡ್ಡು ಯಾರಲ್ಲಿತ್ತು? ಒಮ್ಮೆ ಕ್ಯಾಮೆರಾಕ್ಕೆ ತೊಡಿಸಿದರೆ 36 ಫೋಟೋ ಮುಗಿಯುವ ತನಕ ಅದೇ ರೀಲು. ನಡುವೆ ಬಿಚ್ಚುವ ಹಾಗಿಲ್ಲ, ಬಿಸಿಲಿನ ಕೆಲಸಕ್ಕೆ ಅಷ್ಟು ದುಡ್ಡಿನ ರೀಲು ದಂಡ. ಅದಕ್ಕೇ ನವರಾತ್ರಿ. ಅಗ್ರಹಾರದ ಮನೆಗಳಲ್ಲಿ ಗೊಂಬೆ ಕೂರಿಸುತ್ತಿದ್ದರಲ್ಲ, ಅವರೆಲ್ಲ ಗೊಂಬೆಯ ಫೋಟೋಕ್ಕೆ ಚಿಕ್ಕಪ್ಪನನ್ನೇ ಕರೆಯುತ್ತಿದ್ದರು, ಏಕೆಂದರೆ ಇವರು ಫ್ಲಾಶ್ ಹೊಡೆಯದೆ ದೀಪದ ಬೆಳಕಿನಲ್ಲೇ ತೆಗೆಯುವವರು, ಪಟ್ಟದ ಗೊಂಬೆಯ ಮುಖ ಸುಣ್ಣ ಬಳಿದುಕೊಂಡು ಕೂರುತ್ತಿರಲಿಲ್ಲ. ಸ್ಟ್ಯಾಂಡು ಹೊರುವ ನೆವದಲ್ಲಿ ನಾವೂ ಹಿಂದೆ ಹೋಗಿ, ಗೊಂಬೆ ಬಾಗಿನವೆಂದು ಕೊಟ್ಟ ಕೊಬ್ಬರಿಮಿಠಾಯಿ, ಚಕ್ಕುಲಿ, ಸಕ್ಕರೆಯಚ್ಚುಗಳನ್ನು ಚಡ್ಡಿ ಜೇಬಿಗಿಳಿಸಿಕೊಂಡು, ಒಂದು ಕಣ್ಣು ಬಾಗಿನದ ತಟ್ಟೆಯ ಮೇಲೂ ಇನ್ನೊಂದು ಕಣ್ಣು ಕ್ಯಾಮೆರಾದ ನಂಬರಿನ ಮೇಲೂ ಇಟ್ಟಿರುತ್ತಿದ್ದೆವು. ಗೊಂಬೆಗಳು ಎಷ್ಟು ಮಿಗಿಸುತ್ತವೋ ಅಷ್ಟು ಮೀನಿಗೆ. ಯಾವುದಾದರೂ ಮನೆಯವರು, 'ಇನ್ನೊಂದು ತೆಗೀರಿ, ಅಳಿಯಂದಿರನ್ನೂ ನಿಲ್ಲಿಸಿ' ಎಂದರೆ ನಮಗೆ ಆ ಅಳಿಯನ ಮೇಲೆ ಎಲ್ಲಿಲ್ಲದ ಸಿಟ್ಟು.

ಲೆನ್ಸಿನದು ಬೇರೆ ಪುರಾಣ. ಚಿಕ್ಕಪ್ಪನ ಬಳಿ ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡ ನಿಕಾನ್ ಎಫ್‌ಎಂ ಇತ್ತು, ಅದರ ಮೂತಿಗೆ 50 ಎಂಎಂ ಲೆನ್ಸು, ಕಿಂಡಿ 1.8. ನೋಡಲು ಗಿಡ್ಡ, ಏನೂ ದರ್ಪವಿಲ್ಲದ್ದು. ಪಕ್ಕದ ಸ್ಟುಡಿಯೋದವರು ಹೊಸದಾಗಿ 35-70ರ ಜೂಮ್ ಲೆನ್ಸು ತಂದು, ತಿರುಗಿಸಿ ತಿರುಗಿಸಿ ತೋರಿಸಿ ಹೋದ ದಿನ ನಾವು ಮಕ್ಕಳೆಲ್ಲ ಮುಖ ಸಣ್ಣದು ಮಾಡಿಕೊಂಡಿದ್ದೆವು. ಚಿಕ್ಕಪ್ಪ ಅದರ ಅಂಚಿನಲ್ಲಿ ಕೊರೆದಿದ್ದ ನಂಬರು ಓದಿ ನಕ್ಕರು. ಅದು ಬಾಯಿ ಪೂರ್ತಿ ತೆರೆದರೂ 3.5, ನಮ್ಮ ಗಿಡ್ಡ ತೆರೆದರೆ 1.8. ಅಂದರೆ ಅದಕ್ಕಿಂತ ಹೆಚ್ಚೂಕಡಿಮೆ ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತದೆ, ನೂರರ ರೀಲನ್ನು ನಾನೂರು ಮಾಡಿದಷ್ಟೇ ಲಾಭ. 'ಜೂಮು ಮದುವೆಗೆ ಸೈ, ಮೀನಿಗೆ ಕುರುಡು' ಎಂದರು. ಒಂದು 135ರ ಲೆನ್ಸೂ ಇತ್ತು, ದೂರದ ಗೋಪುರದ ಕಳಸಕ್ಕೆ ಒಳ್ಳೆಯದು. ಮೀನಿನ ಮುಂದೆ ಅದು ಕೈಯ ನಡುಕವನ್ನೆಲ್ಲ ದೊಡ್ಡದು ಮಾಡಿ ತೋರಿಸುತ್ತದೆ. ಕೈಯಲ್ಲಿ ಹಿಡಿದು ತೆಗೆಯಬೇಕಾದರೆ ಸೆಕೆಂಡಿನ 125ನೇ ಒಂದು ಭಾಗಕ್ಕಾದರೂ ಶಟ್ಟರ್ ಓಡಬೇಕು, ಅಷ್ಟು ಬೆಳಕು ಅಲ್ಲಿ ಯಾರಪ್ಪನ ಮನೆಯಲ್ಲಿತ್ತು. ಐವತ್ತಾದರೆ ಮೊಣಕೈ ಗೋಡೆಗೆ ಕೊಟ್ಟು, ಉಸಿರು ಕಟ್ಟಿ, ಮೂವತ್ತನೇ ಒಂದು ಭಾಗದಲ್ಲೂ ತೆಗೆಯಬಹುದು. ಈ ನಂಬರುಗಳ ನಡುವೆಯೇ ಬೆಳೆದ ನಮಗೆ ಲೆನ್ಸಿನ ಉದ್ದ ನೋಡಿ ಫೋಟೋಗ್ರಾಫರನ ಯೋಗ್ಯತೆ ಅಳೆಯುವವರನ್ನು ಕಂಡರೆ ಇವತ್ತಿಗೂ ಒಳಗೊಳಗೇ ನಗು.

ಮತ್ಸ್ಯಾಲಯದಲ್ಲಿ ಚಿಕ್ಕಪ್ಪ ಮೊದಲು ಅಲ್ಲಿನವರನ್ನು ಕಂಡು, ಕೈ ಮುಗಿದು, ಫ್ಲಾಶ್ ಹಾಕುವುದಿಲ್ಲವೆಂದು ಮಾತು ಕೊಟ್ಟು ಬರುತ್ತಿದ್ದರು. ಹಾಕಿದ್ದರೂ ಸಿಗುತ್ತಿದ್ದದ್ದು ಗಾಜಿನಲ್ಲಿ ಸ್ಫೋಟಿಸಿದ ಒಂದು ಬಿಳಿ ಗುಂಡಿ ಮಾತ್ರ. ಆಮೇಲೆ ನಮ್ಮ ಕೆಲಸ ಶುರು. ದೊಡ್ಡಣ್ಣ ಕೊಡೆ ಬಿಚ್ಚಿ ಚಿಕ್ಕಪ್ಪನ ಬೆನ್ನಹಿಂದೆ ಹಿಡಿಯಬೇಕು, ಎದುರುಸಾಲಿನ ತೊಟ್ಟಿಗಳ ಬೆಳಕು ನಮ್ಮ ಗಾಜಿಗೆ ಬಂದು ಬೀಳದಿರಲು. ಇಬ್ಬರು ಕಂಬಳಿಯ ಎರಡು ಚುಂಗು ಹಿಡಿದು ಎಡಕ್ಕೂ ಬಲಕ್ಕೂ ಗೋಡೆ ಕಟ್ಟಬೇಕು. ಮಿಕ್ಕವರು ಕಂಬಳಿ ಮುಗಿದಲ್ಲಿ ನಿಂತು, ಬೆಳಕಿಗೆ ಬೆನ್ನು ಕೊಟ್ಟು, ಮೈಯನ್ನೇ ಪರದೆ ಮಾಡಬೇಕು. ಬಿಳಿ ಬಟ್ಟೆಯ ಬಹಿಷ್ಕಾರ ಇದಕ್ಕೇ. ಈ ಡೇರೆಯ ಒಳಗೆ ಚಿಕ್ಕಪ್ಪ, ಲೆನ್ಸಿನ ಮೂತಿಗೆ ಸಿಕ್ಕಿಸಿದ ರಬ್ಬರಿನ ಹುಡ್ಡನ್ನು ಗಾಜಿಗೆ ನೇರ ಒತ್ತಿ, ಒಂದು ಮಂಡಿ ನೆಲಕ್ಕೂರಿ. ಓರೆಯಾಗಿ ಒತ್ತುವ ಹಾಗಿಲ್ಲ, ದಪ್ಪ ಗಾಜಿನಲ್ಲಿ ಓರೆಯಾಗಿ ನೋಡಿದರೆ ಮೀನಿನ ಅಂಚು ಕಲಸಿಹೋಗಿ ಬಣ್ಣಬಣ್ಣದ ಗೆರೆ ಏಳುತ್ತದೆ. ಗಾಜನ್ನು ಮೊದಲೇ ಅತ್ತೆಯ ಹಳೆ ವಾಯಿಲ್ ಸೀರೆಯ ತುಂಡಿನಿಂದ ಒರೆಸಿರುತ್ತಿದ್ದೆವು, ನೂರಾರು ಮಕ್ಕಳ ಮೂಗಿನ ಗುರುತು ಅದರ ಮೇಲೆ. ಕಂಬಳಿಯೊಳಗೆ ಸೆಕೆ, ನುಸಿಗುಳಿಗೆಯ ಘಾಟು, ಚಿಕ್ಕಪ್ಪನ ಬೆವರು, ಯಾರದೋ ಜೇಬಿನ ಕಡ್ಲೆಕಾಯಿ. ಹೊರಗಿನಿಂದ ಜನ ಬಂದು, ಒಳಗೆ ಏನೋ ವಿಶೇಷ ತೋರಿಸುತ್ತಿದ್ದಾರೆಂದು, ನಮ್ಮ ಹಿಂದೆ ಕ್ಯೂ ನಿಲ್ಲುತ್ತಿದ್ದರು.

ಅಲ್ಲಿಯೂ ಒಂದು ತೊಡಕು. ಆ ಐವತ್ತರ ಲೆನ್ಸಿಗೆ 45 ಸೆಂಟಿಮೀಟರಿಗಿಂತ ಹತ್ತಿರದ್ದು ಸ್ಪಷ್ಟ ಕಾಣದು. ಗಾಜಿಗೇ ಒತ್ತಿ ಹಿಡಿದರೆ ಮೀನು ಅಷ್ಟು ಆಚೆ ಇರಬೇಕು. ಅಷ್ಟೂ ಅಲ್ಲ, ನೀರು ಮೋಸಗಾರ: ಒಳಗಿನದನ್ನು ಮುಕ್ಕಾಲುಭಾಗ ದೂರಕ್ಕೆ ತಂದು ತೋರಿಸುತ್ತದೆ, ನಿಜವಾಗಿ 60 ಸೆಂಟಿಮೀಟರು ಒಳಗಿರುವ ಮೀನು ಲೆನ್ಸಿನ ಕಣ್ಣಿಗೆ 45ರಲ್ಲಿದೆ. ಚಿಕ್ಕ ತೊಟ್ಟಿಯಲ್ಲಿ ಅಷ್ಟು ಜಾಗವೇ ಇರುತ್ತಿರಲಿಲ್ಲ. ಲೆನ್ಸನ್ನು ಮುಂದಕ್ಕೆ ತಳ್ಳುವ ಉಂಗುರಗಳು ಸಿಗುತ್ತಿದ್ದವು, ಆದರೆ ಅವು ಇದ್ದಬದ್ದ ಬೆಳಕಿನಲ್ಲೂ ಪಾಲು ಕೇಳುತ್ತವೆ. ಚಿಕ್ಕಪ್ಪ ಬಳಸಿದ್ದು ಕ್ಲೋಸಪ್ ಫಿಲ್ಟರು, ಲೆನ್ಸಿಗೆ ತೊಡಿಸುವ ಓದುಗನ್ನಡಕದ ಗಾಜೇ ಅನ್ನಿ. ಅದು ಬೆಳಕು ತಿನ್ನದೆ 45ನ್ನು ಸುಮಾರು 30ಕ್ಕೆ ಇಳಿಸುತ್ತದೆ. ತಾತನ ಕನ್ನಡಕಕ್ಕೂ ಇದಕ್ಕೂ ನಂಬರು ಒಂದೇ ಎಂದು ಗೊತ್ತಾದಾಗ ತಾತ ಒಂದು ವಾರ ಬೀಗಿದ್ದರು.

ಕಿಂಡಿ ಪೂರ್ತಿ ತೆರೆದಿದ್ದಾಗ ಸ್ಪಷ್ಟವಾಗಿ ಮೂಡುವ ಪಟ್ಟಿ ಹೆಬ್ಬೆರಳಿನಗಲ ಅಷ್ಟೇ. ಮೀನು ಎದುರುಮುಖವಾಗಿ ಬಂದರೆ ಕಣ್ಣು ಮೂಡಿ ಬಾಲ ಮಂಜು. ಅದು ಪಕ್ಕಕ್ಕೆ ತಿರುಗಿ, ಗಾಜಿಗೆ ಸಮನಾಗಿ, ಪೂರ್ತಿ ಮೈ ತೋರಿಸಬೇಕು. 'ಮೀನಿನ ಹಿಂದೆ ಓಡಬೇಡ್ರಿ, ಅದೇ ಬತ್ತದೆ' ಎನ್ನುವುದು ಚಿಕ್ಕಪ್ಪನ ಪಾಠ. ಫೋಕಸ್ಸನ್ನು ಒಂದು ದೂರಕ್ಕೆ ಕಟ್ಟಿಟ್ಟು ಕೂರುವುದು, ಅಷ್ಟೇ. ತೊಟ್ಟಿಯ ಕೊನೆ ಮುಟ್ಟಿದ ಮೀನು ತಿರುಗುವ ಮುಂಚೆ ಒಂದು ಗಳಿಗೆ ನಿಲ್ಲುತ್ತದೆ, ರೆಕ್ಕೆ ಮಾತ್ರ ಆಡುತ್ತದೆ. ಮೂವತ್ತನೇ ಒಂದು ಭಾಗಕ್ಕೆ ಅಷ್ಟು ಸಾಕು. ಆ ಗಳಿಗೆಗೆ ಕಾಯುತ್ತ ಕಾಯುತ್ತ ಕಂಬಳಿ ಹಿಡಿದ ತೋಳು ಸೋತು, ಕೊಡೆ ವಾಲಿ, ಯಾರಿಗೋ ಸೀನು ಬಂದು, ಇನ್ನಾರಿಗೋ ಒಂದಕ್ಕೆ ಅವಸರವಾಗಿ, ಒಂದು ಏಂಜಲ್ ಮೀನಿಗೆ ಅರ್ಧ ಗಂಟೆ ಹೋಗಿ, ಕೊನೆಗೆ ಶಟ್ಟರಿನ ಆ 'ಟಕ್' ಕೇಳಿದಾಗ ನಾವೆಲ್ಲ ಒಟ್ಟಿಗೆ ಉಸಿರು ಬಿಡುತ್ತಿದ್ದೆವು. ಚಿಕ್ಕಪ್ಪ ಆಗಲೇ ಕಿವಿಗೆ ಸಿಕ್ಕಿಸಿದ ಪೆನ್ಸಿಲು ತೆಗೆದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುವರು, ಯಾವ ಮೀನು, ಕಿಂಡಿ ಎಷ್ಟು, ಸ್ಪೀಡು ಎಷ್ಟು.

ಆಮೇಲೆ ಬಾಲಭವನದ ಪುಟಾಣಿ ರೈಲು, ಮರದ ಕೆಳಗೆ ಬುತ್ತಿ, ನಾವು ನಿಜವಾಗಿ ಬಂದದ್ದು ಇದಕ್ಕೆ ಎಂದು ಅಜ್ಜಿ ಅಣಕಿಸುತ್ತಿದ್ದಳು. ಇರಲಿ.

ರೀಲು ತೊಳೆಯುವುದು ಬಚ್ಚಲುಮನೆಯಲ್ಲಿ, ಎಲ್ಲರ ಊಟ ಮುಗಿದ ಮೇಲೆ. ಬಾಗಿಲಿನ ಸಂದಿಗೆ ಗೋಣಿ ತುರುಕಿ, ಗವಾಕ್ಷಿಗೆ ಅದೇ ಕಂಬಳಿ ಕಟ್ಟಿ, ಒಳಗೆ ಕಗ್ಗತ್ತಲು. ಕೆಂಪು ಬಲ್ಬು ಕಾಗದಕ್ಕೆ ಮಾತ್ರ. ರೀಲಿಗೆ ಅದೂ ಆಗದು. ಕೈಯಂದಾಜಿನಲ್ಲೇ ಸುರುಳಿಗೆ ಸುತ್ತಿ ಡಬ್ಬಿಯ ಮುಚ್ಚಳ ಹಾಕಿ ಚಿಕ್ಕಪ್ಪ 'ಹೂಂ' ಎನ್ನುವ ತನಕ ಮನೆಯಲ್ಲಿ ಯಾರೂ ಸ್ವಿಚ್ಚು ಮುಟ್ಟುವ ಹಾಗಿಲ್ಲ. ಡೆವಲಪರ್ 20 ಡಿಗ್ರಿಯಲ್ಲಿರಬೇಕು, ನಮ್ಮ ನಲ್ಲಿಯ ನೀರು ಅಷ್ಟು ತಣ್ಣಗೆ ಎಲ್ಲಿಂದ ಬರಬೇಕು? ಸಂಜೆಯೇ ಐಸ್‌ಕ್ಯಾಂಡಿ ಫ್ಯಾಕ್ಟರಿಗೆ ಓಡಿ, ಹೊಟ್ಟಿನಲ್ಲಿ ಸುತ್ತಿದ ಐಸಿನ ತುಂಡು ತಂದು, ಅಗಲ ಬೇಸಿನ್ನಿನಲ್ಲಿಟ್ಟು, ಅದರ ನಡುವೆ ಡಬ್ಬಿ. ಒಂದಿಷ್ಟು ಐಸು ದಾರಿಯಲ್ಲೇ ನಮ್ಮ ಬಾಯಲ್ಲಿ ಕರಗಿರುತ್ತಿತ್ತು. ಬಚ್ಚಲಿನಲ್ಲಿ ಗಡಿಯಾರವಿಲ್ಲ. ಆದ್ದರಿಂದ ನಡುಮನೆಯ ಗೋಡೆಗಡಿಯಾರದ ಕೆಳಗೆ ಒಬ್ಬರು, ಹಜಾರದಲ್ಲಿ ಇನ್ನೊಬ್ಬರು, ಬಚ್ಚಲ ಬಾಗಿಲಲ್ಲಿ ಮತ್ತೊಬ್ಬರು; 'ಒಂದು!' ಎಂದು ಅಲ್ಲಿಂದ ಕೂಗಿದರೆ 'ಒಂದು!' ಎಂದು ಇಲ್ಲಿಂದ, ಪ್ರತಿ ಕೂಗಿಗೂ ಒಳಗೆ ಡಬ್ಬಿ ಉರುಳಿಸಿ ಎತ್ತುವ ಸದ್ದು.

ಬೆಳಕು ತೀರಾ ಸಾಲದ ವರ್ಷ ನಾನೂರರ ರೀಲನ್ನು ಎಂಟುನೂರೆಂದು ಹಿಡಿದು ತೆಗೆದು, ಡೆವಲಪರಿನಲ್ಲಿ ಹೆಚ್ಚು ಹೊತ್ತು ಬಿಡುತ್ತಿದ್ದರು. ಒಂದೇ ರೀಲಾದ್ದರಿಂದ ಪಾಪ ಗೊಂಬೆಗಳಿಗೂ ಅದೇ ಶಿಕ್ಷೆ. ನೆರಳು ಗಟ್ಟಿಯಾಗಿ, ಚಿತ್ರದ ತುಂಬ ಕಾಳು ಏಳುವುದು; ಅಜ್ಜಿ ಅದನ್ನು ದೀಪಕ್ಕೆ ಹಿಡಿದು, 'ಇದ್ಯಾಕೋ ಮೀನಿಗೆ ರವೆ ಸವರಿದಂಗೆ ಮಾಡಿದ್ದೀಯ, ಇನ್ನು ಕಾವಲಿಗೆ ಹಾಕೋದೊಂದು ಬಾಕಿ' ಎಂದಿದ್ದಳು. ಹೈಪೋದ ವಾಸನೆ ಮರುದಿನದ ಸೀಗೆಪುಡಿಯ ವಾಸನೆಯನ್ನೂ ಮೀರಿ ಬಚ್ಚಲಿನಲ್ಲಿ ನಿಂತಿರುತ್ತಿತ್ತು, ನಮ್ಮ ತಲೆಗೂದಲಿಗೂ ಅದೇ. ಹಿತ್ತಲ ತಂತಿಯ ಮೇಲೆ ಬಟ್ಟೆ ಕ್ಲಿಪ್ಪಿನಲ್ಲಿ ನೇತಾಡುವ ರೀಲಿಗೆ ಧೂಳು ಕೂರದ ಹಾಗೆ ಕಸ ಗುಡಿಸುವುದನ್ನೇ ದೊಡ್ಡವ್ವ ಮಧ್ಯಾಹ್ನಕ್ಕೆ ಮುಂದೂಡುತ್ತಿದ್ದರು, ಗೊಣಗುತ್ತ.

ಕಪ್ಪುಬಿಳುಪಿನಲ್ಲಿ ಚಿನ್ನದ ಮೀನೂ ಬೂದಿ, ಬೆಳ್ಳಿ ಮೀನೂ ಬೂದಿ. ಅದಕ್ಕೆ ಮದ್ದು ಅತ್ತೆಯ ಕೈಯಲ್ಲಿತ್ತು. ಮದುಮಕ್ಕಳ ಫೋಟೋಗೆ ಕೆನ್ನೆ ಕೆಂಪು, ಸೀರೆ ಹಸಿರು ತುಂಬುತ್ತಿದ್ದವರು ಅವರೇ. ಕಿಟಕಿಯ ಪಕ್ಕ ಚಾಪೆ ಹಾಕಿ, ಪ್ರಿಂಟನ್ನು ಒದ್ದೆ ಹತ್ತಿಯಿಂದ ಒತ್ತಿ, ಫೋಟೋಬಣ್ಣದ ಒಂದು ಚೂರನ್ನು ಪಿಂಗಾಣಿ ತಟ್ಟೆಯ ಅಂಚಿನಲ್ಲಿ ಕರಗಿಸಿ, ಬ್ರಶ್ಶಿನ ತುದಿಯನ್ನು ತುಟಿಯಲ್ಲಿ ಚೂಪು ಮಾಡಿ, ಮೀನಿನ ಹೊಟ್ಟೆಯಿಂದ ಬೆನ್ನಿನ ಕಡೆಗೆ ಕಿತ್ತಳೆ ಎಳೆಯುತ್ತಿದ್ದರು. ಒಂದು ಸಲ ಎಳೆದು ಆರಲು ಬಿಟ್ಟು, ಅದರ ಮೇಲೆ ಇನ್ನೊಂದು ತೆಳುಪದರ, ಮತ್ತೊಂದು. ಬಾಲದ ಕಡೆಗೆ ಬಣ್ಣವಿಲ್ಲದ ನೀರು ಮಾತ್ರ, ಮಂಜಾದ ಬಾಲ ಆಗ ತಾನೇ ಆಡಿದಂತೆ ಕಾಣುತ್ತಿತ್ತು. ನಾವು ಸುತ್ತ ಕೂತು, 'ಅತ್ತೆ, ಅದರ ಕಣ್ಣ ಸುತ್ತ ಕಪ್ಪಿತ್ತು', 'ಇಲ್ಲ ಕೆಂಪು', 'ಅದು ಪಕ್ಕದ ತೊಟ್ಟೀದು ಕಣೇ' ಎಂದು ಸಾಕ್ಷಿ ಹೇಳುತ್ತಿದ್ದೆವು. ಮೀನನ್ನು ಒಮ್ಮೆಯೂ ನೋಡದ ಅತ್ತೆ, ನಮ್ಮ ಮಾತಿನ ಮೇಲೇ ಬಣ್ಣ ಹಾಕಿದವರು. ಅವತ್ತು ಅಂಗಡಿ ನೋಡಿಕೊಳ್ಳಲು ಯಾರಾದರೂ ಉಳಿಯಬೇಕಿತ್ತಲ್ಲ, ಪ್ರತಿ ಸಲವೂ ಅವರೇ.

ಆಮೇಲೆ ಬಣ್ಣದ ರೀಲಿನ ಕಾಲ. ಫ್ಯೂಜಿ ಕಂಪನಿಯವರು 1976ರಲ್ಲೇ 400ರ ಬಣ್ಣದ ರೀಲು ಮಾಡಿದ್ದರಂತೆ, ಅದು ನಮ್ಮ ಗಲ್ಲಿಗೆ ಇಳಿಯಲು ಇನ್ನೂ ಸಾಕಷ್ಟು ದಿನ ಹಿಡಿಯಿತು. ಬೆಂಗಳೂರಿನ ಲ್ಯಾಬಿನಲ್ಲಿ ತೊಳೆಸಿ ತಂದ ಮೊದಲ ಕವರನ್ನು ಬಿಚ್ಚಿದಾಗ ಮೀನೂ ಹಸಿರು, ನೀರೂ ಹಸಿರು, ಮರಳೂ ಹಸಿರು. ನಮ್ಮ ಕಣ್ಣಿಗೆ ಬಿಳಿಯಾಗಿ ಕಾಣುವ ಟ್ಯೂಬ್‌ಲೈಟು ಬಿಸಿಲಿಗೆಂದು ಮಾಡಿದ ರೀಲಿಗೆ ಹಸಿರು. ಅದರ ಮೇಲೆ ದಪ್ಪ ಗಾಜಿನದೇ ಒಂದು ಹಸಿರು ಛಾಯೆ. ಇದಕ್ಕೆಂದೇ ಗುಲಾಬಿ ಬಣ್ಣದ ಎಫ್‌ಎಲ್-ಡಿ ಫಿಲ್ಟರು ಉಂಟು, ಆದರೆ ಅದನ್ನು ತೊಡಿಸಿದರೆ ಬೆಳಕು ಅರ್ಧಕ್ಕರ್ಧ ಖೋತಾ, ನಾನೂರರ ರೀಲು ಇನ್ನೂರಾಗುತ್ತದೆ. ಚಿಕ್ಕಪ್ಪ ಫಿಲ್ಟರು ಬೇಡವೆಂದರು. ನೆಗೆಟಿವ್ ರೀಲಾದರೆ ಹಸಿರನ್ನು ಪ್ರಿಂಟು ಹಾಕುವಾಗ ತೆಗೆಯಬಹುದು, ಬಾರದ ಬೆಳಕನ್ನು ಆಮೇಲೆ ತರಲಾಗದು. ಲ್ಯಾಬಿನ ಹುಡುಗನ ಹತ್ತಿರ ನಿಂತು, ಕಾಫಿ ಕುಡಿಸಿ, 'ಇನ್ನೊಂಚೂರು ಹಸಿರು ಕೀಳಪ್ಪ' ಎಂದು ಬೇಡಿಕೊಂಡು ಪ್ರಿಂಟು ಹಾಕಿಸುತ್ತಿದ್ದರು.

1989ರಲ್ಲಿ ಫ್ಯೂಜಿಯವರೇ ರಿಯಾಲಾ ತಂದರು. ಮೂರು ಬಣ್ಣದ ಪದರದ ಜೊತೆಗೆ ನಾಲ್ಕನೆಯದೊಂದು ಪದರ, ಟ್ಯೂಬ್‌ಲೈಟಿನ ಹಸಿರನ್ನು ತಾನೇ ತಗ್ಗಿಸಿಕೊಳ್ಳುವಂಥದ್ದು. ಪತ್ರಿಕೆಯಲ್ಲಿ ಅದನ್ನು ಓದಿದ ಚಿಕ್ಕಪ್ಪ ಊಟ ಬಿಟ್ಟು ಎದ್ದು ಬಂದು ನಮಗೆಲ್ಲ ಓದಿ ಹೇಳಿದರು. ಕಡೆಯ ಸಾಲಿಗೆ ಬಂದಾಗ ದನಿ ಇಳಿಯಿತು: ಅದು 100ರ ರೀಲು. ಹಸಿರಿಗೆ ಮದ್ದು ಸಿಕ್ಕಿತು, ಕತ್ತಲಿಗೆ ಸಿಗಲಿಲ್ಲ. ಆದರೂ ಒಂದು ಕೊಂಡರು. ಅದರಲ್ಲಿ ಮೂಡಿದ್ದು ತೊಟ್ಟಿಯ ತಳದಲ್ಲಿ ಅಲುಗದೆ ಕೂರುವ ಮೀನು ಮಾತ್ರ, ಮೀಸೆಯ ಕೂದಲೂ ಎಣಿಸಬಹುದು, ಬಣ್ಣ ಅಜ್ಜಿಯ ಕೆರೆಯದೇ. ಈಜುವ ಮೀನೆಲ್ಲ ಒಂದೊಂದು ಗೀರು. ನನ್ನ ಕೇಳಿದರೆ ಆ ಗೀರುಗಳೇ ಚೆಂದ, ಚಿಕ್ಕಪ್ಪ ಒಪ್ಪುತ್ತಿರಲಿಲ್ಲ.

ಬೊಂಬಾಯಿಯ ಮಾಟುಂಗದಲ್ಲಿದ್ದ ದೊಡ್ಡಪ್ಪನ ಮನೆಗೆ ಒಮ್ಮೆ ಹೋದಾಗ ಮರೀನ್ ಡ್ರೈವಿನ ತಾರಾಪೋರ್‌ವಾಲಾ ಮತ್ಸ್ಯಾಲಯವನ್ನೂ ನೋಡಿದೆವು, 1951ರಲ್ಲಿ ಶುರುವಾದದ್ದು. ಎದುರಿಗೇ ಸಮುದ್ರ. ಕಂಬಳಿ ಊರಿನಲ್ಲಿತ್ತು, ಕೊಡೆಯೂ. ಚಿಕ್ಕಪ್ಪ ಕ್ಯಾಮೆರಾ ಹೊರಗೆ ತೆಗೆಯದೆ, ಕೈ ಹಿಂದೆ ಕಟ್ಟಿಕೊಂಡು ಅಜ್ಜಿ ನಿಲ್ಲುವಂತೆ ನಿಂತು ನೋಡಿ ಬಂದರು. ಮನೆಮಂದಿಯೆಲ್ಲ ಇಲ್ಲದೆ ಮೀನು ತೆಗೆಯುವುದು ಅವರಿಗೆ ಗೊತ್ತಿರಲಿಲ್ಲ ಅನ್ನಿಸುತ್ತದೆ.

ಒಬ್ಬೊಬ್ಬರೇ ಕಾಲೇಜಿಗೆ, ಕೆಲಸಕ್ಕೆ, ಗಂಡನ ಮನೆಗೆ ಹೊರಟ ಮೇಲೆ ಕಂಬಳಿ ಹಿಡಿಯುವವರು ಕಡಿಮೆಯಾದರು. ಆರ್ವೋ ಮಾಡುತ್ತಿದ್ದ ದೇಶವೇ 1990ರಲ್ಲಿ ನಕಾಶೆಯಿಂದ ಹೋಯಿತು, ಊಟಿಯ ಕಾರ್ಖಾನೆಯೂ ಮುಚ್ಚಿತು. ನಮ್ಮ ಅಂಗಡಿಯಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ. ಹಂಸದ ಪರದೆಯನ್ನು ಬಿಚ್ಚಿದಾಗ ಅದರ ಹಿಂದಿನ ಗೋಡೆಯಲ್ಲಿ ಅಳತೆಯ ಗುರುತುಗಳು ಹಾಗೇ ಇದ್ದವು, ನಾವು ವರ್ಷವರ್ಷ ಎಷ್ಟೆತ್ತರ ಆದೆವೆಂದು ಚಿಕ್ಕಪ್ಪ ಪೆನ್ಸಿಲಿನಲ್ಲಿ ಹಾಕಿದ್ದು, ಕೊಡೆಯನ್ನು ಯಾರು ಹಿಡಿಯಬಲ್ಲರು ಎಂದು ಲೆಕ್ಕ ಹಾಕಲು. ಹೊಸಬರು ಸುಣ್ಣ ಹೊಡೆಸಿದರು. ಚಿಕ್ಕಪ್ಪ ಕೊನೆಯ ದಿನಗಳಲ್ಲಿ ಮೊಮ್ಮಗನ ಫೋನಿನಲ್ಲಿ ಮೀನಿನ ಫೋಟೋ ನೋಡಿ, 'ಎಷ್ಟಕ್ಕೆ ಇಟ್ಟಿದ್ದೆ?' ಎಂದು ಕೇಳಿದ್ದರು. ಹುಡುಗನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ, ಇದು ಅವನ ತಪ್ಪಲ್ಲ.

ಆ ಗಿಡ್ಡ ಲೆನ್ಸು ಈಗ ಕ್ಯಾಲಿಫೋರ್ನಿಯಾದಲ್ಲಿರುವ ತಮ್ಮನ ಬಳಿ ಇದೆ, ಅಡಾಪ್ಟರು ಹಾಕಿ ಹೊಸ ಕ್ಯಾಮೆರಾಕ್ಕೆ ತೊಡಿಸಿದ್ದಾನೆ. ಹೋದ ತಿಂಗಳು ಮಾಂಟೆರೆ ಬೇ ಮತ್ಸ್ಯಾಲಯದಿಂದಲೇ ವಿಡಿಯೋ ಕಾಲ್ ಮಾಡಿದ. 1984ರದು, ನಮ್ಮ ಕಬ್ಬನ್ ಪಾರ್ಕಿನದಕ್ಕಿಂತ ಒಂದು ವರ್ಷ ಕಿರಿಯದು. 28 ಅಡಿ ಎತ್ತರದ ತೊಟ್ಟಿ, ಒಳಗೆ ಕಡಲಪಾಚಿಯ ಕಾಡು, ಮೇಲ್ಗಡೆ ತೆರೆದೇ ಇರುವುದರಿಂದ ಬಿಸಿಲೇ ಇಳಿದು ಬರುತ್ತದೆ. 'ಅಕ್ಕ, ಚಿಕ್ಕಪ್ಪ ಇದನ್ನ ನೋಡಿದ್ರೆ ಬಿಸಿಲಲ್ಲಿ ಯಾರು ಬೇಕಾದ್ರೂ ತೆಗೀತಾರೆ ಅಂದಿರೋರು' ಎಂದು ನಕ್ಕ. ಆಮೇಲೆ ಜೆಲ್ಲಿಮೀನಿನ ಕತ್ತಲ ಕೋಣೆಗೆ ಹೋಗಿ, ದನಿ ತಗ್ಗಿಸಿ, 'ನಾನೂರಿಗೆ ಒಂದೂ ಎಂಟರಲ್ಲಿ ಸ್ಪೀಡು ಎಷ್ಟಿಡ್ತಿದ್ರು?' ಎಂದು ಕೇಳಿದ. ಕಾಲ್‌ನಲ್ಲಿ ನಾವು ಐದಾರು ಮಂದಿ ಇದ್ದೆವು. ಮೂವತ್ತು ಎಂದು ನಾನು. ಅರವತ್ತು ಎಂದು ದೊಡ್ಡಣ್ಣ, ಕೊಡೆ ಹಿಡಿದವನು ನಾನು, ನನಗೆ ಗೊತ್ತಿಲ್ವ ಎಂದು. ಗೊಂಬೆಗೆ ಮೂವತ್ತು, ಮೀನಿಗೆ ಅರವತ್ತು ಎಂದು ಮೈಸೂರಿನ ತಂಗಿ. ಲೆಕ್ಕದ ಪುಸ್ತಕ ತೆಗೆದು ನೋಡಿದರೆ ಮುಗಿಯುವ ಜಗಳ. ಅದು ತುಮಕೂರಿನ ಮನೆಯ ಅಟ್ಟದಲ್ಲಿ ಟ್ರಂಕಿನೊಳಗಿದೆ, ಬೀಗದಕೈ ಅತ್ತೆಯ ಸೊಂಟದಲ್ಲಿ, ಅತ್ತೆಗೆ ಫೋನು ಹಚ್ಚಿದರೆ, ಫೋನಲ್ಲಿ ಹೇಳೋ ಮಾತಾ ಅದು, ಬಂದು ನೋಡ್ಕೊಂಡು ಹೋಗ್ರಿ, ಸೋಮವಾರ ಬೇಡ, ಭಾನುವಾರ ಬನ್ನಿ, ಮೀನು ತರಿಸ್ತೀನಿ ಎನ್ನುತ್ತಾರೆ.